ಹಿಂದಿಂದು ನನಗ ಬಿಡ್ರಿ

ಶೇಖಪ್ಪ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರು ನಿಂತು ಮಾತಾಡಿದರೆ ಅವನ ಕಣ್ಣು ನಿಮ್ಮ ಕಿವಿಯ ಪಕ್ಕದಿಂದ ಜಾರಿ, ಹೆಗಲ ಮೇಲಿಂದ ಹಾದು, ಬೆನ್ನ ಹಿಂದೆ ಏನಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಗೋಡೆ ಇರಬಹುದು, ಬೈಕು ಇರಬಹುದು, ಬಾಳೆಹಣ್ಣಿನ ಬಂಡಿ ಇರಬಹುದು. ಏನೇ ಇದ್ದರೂ ಅವನು ಮೂಗು ಮುರಿಯುತ್ತಿದ್ದ. ಮೊದಲ ಸಲ ಅವನನ್ನು ಕಂಡವರು ತಮ್ಮ ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡುತ್ತಿದ್ದರು. ನಾನೂ ನೋಡಿದ್ದೇನೆ. ಆಮೇಲೆ ಅದು ಅವನ ರೋಗವೆಂದು ತಿಳಿಯಿತು.

ರಾಯಚೂರಿನಲ್ಲಿ ನನ್ನದು ವೇಷದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ. ಶಾಲೆಯ ಗ್ಯಾದರಿಂಗಿಗೆ ಕೃಷ್ಣ, ರಾಣಿ, ಸೈನಿಕ; ನಾಟಕದವರಿಗೆ ಕಿರೀಟ, ಭುಜಕೀರ್ತಿ, ಗದೆ; ಮದುವೆಯವರಿಗೆ ಶೇರ್ವಾನಿ, ಪೇಟ. ಎಲ್ಲ ನಾನೇ ಕೂತು ಹೊಲಿದವು, ಮಣಿ ಪೋಣಿಸಿದವು. ಅಂಗಡಿ ಮಹಡಿಯ ಮೇಲೆ. ಕೆಳಗೆ ಶೇಖಪ್ಪನ ಫೋಟೋ ಸ್ಟುಡಿಯೋ. ಮೇಲೆ ವೇಷ ಹಾಕಿಕೊಂಡವರು ಮೆಟ್ಟಿಲಿಳಿದರೆ ಸೀದಾ ಅವನ ಕೈಗೆ ಸಿಗುತ್ತಿದ್ದರು. ನಾನು ರಾಜನನ್ನು ಮಾಡಿ ಕಳಿಸಿದರೆ ಅವನು ಆ ರಾಜನ ಮರ್ಯಾದೆ ತೆಗೆದು ಕಳಿಸುತ್ತಿದ್ದ. ಹೀಗೆ ನಮ್ಮಿಬ್ಬರ ನೆರೆಹೊರೆ ವರ್ಷಗಟ್ಟಲೆ ನಡೆಯಿತು.

ಊರವರು ಅವನನ್ನು ಸೀನರಿ ಶೇಖಪ್ಪ ಎನ್ನುತ್ತಿದ್ದರು. ಮನುಷ್ಯರನ್ನು ಅವರಿದ್ದ ಜಾಗದಿಂದ ಕತ್ತರಿಸಿ ತೆಗೆದು ಇನ್ನೆಲ್ಲೋ ಅಂಟಿಸುವುದೇ ಅವನ ಕಸುಬು. ಅದಕ್ಕೆ ಅವನು 'ಎತ್ತಿಡೋದು' ಎನ್ನುತ್ತಿದ್ದ. "ನಿಮ್ಮನ್ನ ಎಲ್ಲಿ ಇಡ್ಲಿ ಹೇಳ್ರಿ?" ಎಂದು ಕೇಳುತ್ತಿದ್ದ, ಕೊಡ ಎಲ್ಲಿಡಲಿ ಎಂದು ಕೇಳಿದ ಹಾಗೆ. ಹಿಮದ ಬೆಟ್ಟ, ಅರಮನೆ, ಹೂದೋಟ, ಜಲಪಾತ, ಎಲ್ಲ ಅವನ ಕಂಪ್ಯೂಟರಿನಲ್ಲಿ ಸಿದ್ಧವಿದ್ದವು. ಗಿರಾಕಿ ಸ್ವಲ್ಪ ಅನುಮಾನಿಸಿದರೆ ಸಾಕು, ಎದೆ ತಟ್ಟಿಕೊಂಡು ಹೇಳುವ ಮಾತು ಒಂದೇ: "ನೀವು ಸುಮ್ನ ನಿಂದರ್ರಿ. ಹಿಂದಿಂದು ನನಗ ಬಿಡ್ರಿ."

ರಾಯಚೂರಿನ ಬಿಸಿಲಿನಲ್ಲಿ ವರ್ಷವಿಡೀ ತೊಗಲಿನ ಜಾಕೀಟು ಹಾಕುತ್ತಿದ್ದ ಮನುಷ್ಯ ನನಗೆ ಗೊತ್ತಿದ್ದಂತೆ ಅವನೊಬ್ಬನೇ. ಅದಕ್ಕಾಗಿಯೇ ಒಳಕೋಣೆಗೆ ಎಸಿ ಹಾಕಿಸಿದ್ದ. ಕಪ್ಪು ಕನ್ನಡಕ ಕಣ್ಣಿನ ಮೇಲೆ ಬಂದದ್ದನ್ನು ನಾನು ಕಾಣೆ, ಅದು ಯಾವಾಗಲೂ ಹಣೆಯ ಮೇಲೆ. ಬಾಗಿಲಿಗೆ ದೊಡ್ಡ ಬೋರ್ಡು: 'ಒಳಗೆ ಮೊಬೈಲಿನಲ್ಲಿ ಫೋಟೋ ತೆಗೆಯಬಾರದು.' ಅವನ ಲೈಟು ಕದ್ದುಹೋಗುತ್ತದಂತೆ! ತೆಗೆದ ಪ್ರತಿ ಫೋಟೋದ ಮೂಲೆಯಲ್ಲಿ ಬಂಗಾರದ ಬಣ್ಣದಲ್ಲಿ ತನ್ನ ಸಹಿ ಹಾಕುತ್ತಿದ್ದ. ಆ ಸಹಿ ಕೆಲವು ಸಲ ಕೂಸಿನ ಮುಖಕ್ಕಿಂತ ದೊಡ್ಡದಿರುತ್ತಿತ್ತು.

ಹುಟ್ಟಿದ್ದು ದೇವದುರ್ಗ. ನಮ್ಮ ತವರೂರೂ ಅದೇ ಆದ್ದರಿಂದ ಮೊದಮೊದಲು ನನಗೆ ಊರವನೆಂಬ ಅಭಿಮಾನವಿತ್ತು. ಅದನ್ನು ಅವನೇ ಕಳೆದ. "ದೇವದುರ್ಗದಾಗ ಏನದ್ರೀ ಅಕ್ಕಾರ? ಈ ರಾಯಚೂರಾಗರ ಏನದ? ಕಲ್ಲು, ಬಿಸಲು, ಧೂಳು. ನನ್ನ ಫೋಟೋದಾಗ ನಮ್ಮ ಜಿಲ್ಲಾದ್ದು ಒಂದು ಹರಳು ಸೈತ ಸಿಗಂಗಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ತಾನು ಹುಟ್ಟಿದ ನೆಲವನ್ನು ಕಸವೆಂದು ಗುಡಿಸಿ ಹಾಕುವುದನ್ನೇ ಕಲೆ ಎಂದುಕೊಂಡವನ ಜೊತೆ ಏನು ಮಾತಾಡುವುದು?

ಗುಂಜಹಳ್ಳಿಯ ಮದುಮಗನೊಬ್ಬ ನನ್ನ ಶೇರ್ವಾನಿ, ಪೇಟ, ಕತ್ತಿ ಬಾಡಿಗೆಗೆ ಒಯ್ದು, ನಮ್ಮ ರಾಯಚೂರಿನ ಕೋಟೆಯ ಗೋಡೆಯ ಮುಂದೆ ಅಚ್ಚುಕಟ್ಟಾಗಿ ಫೋಟೋ ತೆಗೆಸಿಕೊಂಡ. ಅದಕ್ಕೆ ಸ್ವಲ್ಪ ಬೆಳಕು ಹೆಚ್ಚಿಸಿ ಕೊಡಿ ಎಂದು ಶೇಖಪ್ಪನ ಕೈಗೆ ಕೊಟ್ಟ. ಶೇಖಪ್ಪ ನಮ್ಮ ಕೋಟೆಯನ್ನು ಅಳಿಸಿ ರಾಜಸ್ಥಾನದ ಯಾವುದೋ ಕೋಟೆ ತಂದು ನಿಲ್ಲಿಸಿದ. ಕೋಟೆ ತೆಗೆದು ಕೋಟೆ! "ಯಾಕೋ ಮಾರಾಯ, ಇದ್ದ ಕ್ವಾಟಿಗೆ ಏನಾಗಿತ್ತು?" ಎಂದರೆ, "ನಮ್ಮ ಕ್ವಾಟಿ ಫೋಟೋದಾಗ ಎಕ್ದಂ ಹಳೇದು ಕಾಣ್ತದ್ರೀ ಅಕ್ಕಾರ" ಎಂದ. ಕೋಟೆ ಹಳೆಯದಾಗಿ ಕಾಣದೆ ಮೊನ್ನೆ ಕಟ್ಟಿದ ಹಾಗೆ ಕಾಣಬೇಕೇ?

ಗಿರಾಕಿಗಳೂ ಕಮ್ಮಿಯವರಲ್ಲ. ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಅರವತ್ತು ತುಂಬಿದ ಸಂಭ್ರಮಕ್ಕೆ ರಾಜನ ವೇಷ ಹಾಕಿಕೊಂಡರು. ನಾನು ಮುತ್ತಿನ ಕಿರೀಟ ಇಟ್ಟು, ಪೀತಾಂಬರ ಉಡಿಸಿ ಕೆಳಗೆ ಕಳಿಸಿದೆ. ಶೇಖಪ್ಪ ಅವರನ್ನು ಎತ್ತಿ ಯಾವುದೋ ಪರದೇಶದ ಅರಮನೆಯಲ್ಲಿಟ್ಟ. ಅದು ಅರಮನೆಯಲ್ಲ, ದೊಡ್ಡ ಹೋಟೆಲು. ಸಾಹುಕಾರರ ಕಿರೀಟಕ್ಕೆ ಸರಿಯಾಗಿ ಮೇಲೆ 'ಎಕ್ಸಿಟ್' ಎಂಬ ಬೋರ್ಡು ಉಳಿದುಬಿಟ್ಟಿತ್ತು. ಸಾಹುಕಾರರು ಅದನ್ನು ಕಟ್ಟು ಹಾಕಿಸಿ ಗಿರಣಿಯ ಗದ್ದುಗೆಯ ಹಿಂದೆ ತೂಗುಹಾಕಿದರು. ಅರವತ್ತು ತುಂಬಿದವರಿಗೆ ಹೊರಗೆ ಹೋಗುವ ದಾರಿ ತೋರಿಸಿದ ಫೋಟೋ ಅದೊಂದೇ ಇರಬೇಕು. ಈಗಲೂ ಬಂದವರಿಗೆಲ್ಲ ತೋರಿಸುತ್ತಾರೆ.

ಹೀಗಿರುವಾಗ ಶೇಖಪ್ಪ ಹೈದರಾಬಾದಿಗೆ ಹೋಗಿ ಏನೋ ಕಲಿತು ಬಂದ. ಬಂದವನೇ ಒಳಕೋಣೆಯ ಗೋಡೆಗೆ ನೆಲಕ್ಕೆ ತಾಗುವಷ್ಟು ಉದ್ದದ ಹಸಿರು ಪರದೆ ಇಳಿಬಿಟ್ಟ. ಇನ್ನು ಮೇಲೆ ಕೂತು ಕತ್ತರಿಸುವ ಕೆಲಸವಿಲ್ಲ. ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ಹಸಿರು ಇರುವುದನ್ನೆಲ್ಲ ತಾನೇ ಅಳಿಸಿ, ಅಲ್ಲಿ ಸೀನರಿ ತುಂಬುತ್ತದೆ. ಅಳಿಸಿದ ಮೇಲೆ ಮೊದಲ ಫೋಟೋ ಇಟ್ಟುಕೊಳ್ಳುವ ಪದ್ಧತಿಯೂ ಅವನಲ್ಲಿರಲಿಲ್ಲ. "ತೆಗದ ಕಸ ಯಾಕ್ರಿ ಮನ್ಯಾಗ ಇಟ್ಕೋಬೇಕು?" ಬಂದ ಹೆಂಗಸರು ಹಸಿರು ಪರದೆ ನೋಡಿ "ಶುಭ ಬಣ್ಣ ಹಾಕೀದಿ ನೋಡಪ್ಪ" ಎಂದು ಹೊಗಳಿ ಹೋದರು.

ಆ ಶುಭ ಬಣ್ಣದ ಮೊದಲ ಬಲಿ ನನ್ನ ಕೃಷ್ಣರು. ಅಷ್ಟಮಿಗೆ ಮುದ್ದು ಮುದ್ದು ಕೃಷ್ಣರನ್ನು ಸಿಂಗರಿಸಿ ಕೆಳಗೆ ಕಳಿಸಿದ್ದೆ. ಫೋಟೋದಲ್ಲಿ ಒಬ್ಬನ ತಲೆಯ ಮೇಲೂ ನವಿಲುಗರಿ ಇಲ್ಲ, ಬರೀ ಕಡ್ಡಿ. ಗರಿಯ ಹಸಿರನ್ನೂ ಕಂಪ್ಯೂಟರು ತಿಂದುಹಾಕಿತ್ತು. ಜಗಳ ಮಾಡಿದೆ. ಆಮೇಲೆ ಫೋನು ಮಾಡಿದವರಿಗೆಲ್ಲ "ಹಸರು ಬಿಟ್ಟು ಬ್ಯಾರೇ ಯಾವ್ದರ ಹಾಕ್ಕೊಂಡು ಬರ್ರಿ" ಎಂದು ಹೇಳತೊಡಗಿದ. ಹಸಿರು ಉಟ್ಟವರಿಗೆಂದು ಒಂದು ನೀಲಿ ಪರದೆಯನ್ನೂ ತಂದು ಮೂಲೆಯಲ್ಲಿ ಸುತ್ತಿಟ್ಟ. ಫೋನಿನಲ್ಲಿ ಹೇಳುವುದೇನೋ ಸುಲಭ. ಎದುರಿಗೆ ಬಂದು ನಿಂತವರು ಏನು ಉಟ್ಟಿದ್ದಾರೆಂದು ನೋಡಲು ಮಾತ್ರ ಅವರ ಕಡೆ ಕಣ್ಣು ಹಾಯಿಸಬೇಕಿತ್ತು.

ನನ್ನ ತಂಗಿ ಮಹಾದೇವಿಯನ್ನು ಮಾನ್ವಿಗೆ ಕೊಟ್ಟಿದ್ದೇವೆ. ಅವಳಿಗೆ ಎರಡು ಸಲ ಬಸಿರಾಗಿ, ಉಳಿಯದೆ ಹೋಗಿತ್ತು. ಅವಳ ಅತ್ತೆ ಕೆಟ್ಟವಳಲ್ಲ, ಆದರೆ ಮಾತು ಒರಟು. ಮಹಾದೇವಿ ಒಮ್ಮೆ ಹೋದ ಕೂಸಿನ ಮಾತೆತ್ತಿದ್ದಕ್ಕೆ, "ಬಂದಿದ್ರಲ್ಲ ಹೋಗೂದು? ಬರ್ಲಾರದ್ದು ಎಣಿಸ್ಕೋತ ಕುಂದರಬ್ಯಾಡ" ಎಂದು ಬಾಯಿ ಮುಚ್ಚಿಸಿದ್ದಳು. ಮೂರನೆಯದು ಏಳು ತಿಂಗಳಿಗೆ ಬಂದಾಗ ಹಸಿರು ಸೀರೆ ಉಡಿಸಿ ಕುಬಸ, ಅಂದರೆ ಸೀಮಂತ, ಮಾಡಿದರು. ಮನೆಯ ಹೆಂಗಸರೇ ನಾಲ್ಕು ಜನ. ದೃಷ್ಟಿಯಾಗುತ್ತದೆಂದು ಅತ್ತೆ ಯಾರಿಗೂ ಮೊಬೈಲು ಹೊರಗೆ ತೆಗೆಯಲು ಬಿಡಲಿಲ್ಲ. ನಮ್ಮ ತಾಯಿತಂದೆ ಇಲ್ಲದ್ದರಿಂದ ತವರೆಂದರೆ ನಾನೇ. ಉಡಿ ತುಂಬಿಸಿಕೊಂಡು ಅವಳನ್ನು ಅದೇ ಸೀರೆಯಲ್ಲಿ ರಾಯಚೂರಿಗೆ ಕರೆತಂದೆ.

ಬರುವ ದಾರಿಯಲ್ಲಿ ಮಹಾದೇವಿ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಒಂದು ಫೋಟೋ ತಗಸು. ಹಿಂದಿನ ಎರಡಕ್ಕ ನನ್ನ ಹಂತ್ಯಾಕ ಏನೂ ಇಲ್ಲ. ಇದಕ್ಕೂ ಏನರ ಆತಂದ್ರ, ಇತ್ತು ಅಂತ ತೋರ್ಸಾಕರ ಒಂದು ಬೇಕು."

"ಬಿಡ್ತು ಅನ್ನು. ಸ್ಕ್ಯಾನಿಂಗಿನ ಫೋಟೋ ಅದ ಅಲ್ಲ?"

"ಅದ್ರಾಗ ಬರೇ ಕರ್ರಗ ಕಾಣ್ತದ. ಯಾರದರ ಆಗ್ಬಹುದು. ನನ್ನ ಮುಖ, ನನ್ನ ಹೊಟ್ಟಿ, ಎರಡೂ ಒಂದ್ರಾಗ ಬೇಕು."

ಪೇಟೆಯ ಸ್ಟುಡಿಯೋಗಳಿಗೆ ಮಾನ್ವಿಯ ಮಂದಿ ಬರುತ್ತಿರುತ್ತಾರೆ, ಅತ್ತೆಗೆ ಸುದ್ದಿ ಮುಟ್ಟುತ್ತದೆ, ನಿನ್ನ ಅಂಗಡಿಯ ಕೆಳಗಿನದೇ ಆಗಲಿ ಎಂದಳು. ನಾನು ಅವಳನ್ನು ಮೇಲೆ ಕೂರಿಸಿ ಮತ್ತೊಮ್ಮೆ ಸಿಂಗಾರ ಮಾಡಿದೆ. ಜರಿ ಅಂಚಿನ ಹಸಿರು ಸೀರೆ, ನಾನೇ ಹೊಲಿದ ಹಸಿರು ಕುಬಸ, ಮೊಣಕೈವರೆಗೆ ಹಸಿರು ಗಾಜಿನ ಬಳೆ. ನನ್ನ ಅಂಗಡಿಯ ಹೂವಿನ ಕಿರೀಟಗಳಲ್ಲೇ ಚೆಲುವಾದದ್ದನ್ನು ಆರಿಸಿ ತಲೆಗಿಟ್ಟೆ. ಕನ್ನಡಿ ನೋಡಿಕೊಂಡು ಅವಳೇ ನಾಚಿದಳು. ಅಷ್ಟು ಚಂದ ನಾನು ಯಾವ ರಾಣಿಯನ್ನೂ ಸಿಂಗರಿಸಿಲ್ಲ.

ಕೆಳಗಿಳಿದು ಶೇಖಪ್ಪನಿಗೆ ನಾನು ಬಾಯಿಬಿಟ್ಟೇ ಹೇಳಿದೆ. "ಹಸರು ಸೀರಿ ಅದ, ನೋಡ್ಕೋ. ಆ ನೀಲಿ ಪರದಿ ಹಾಕು."

ಅವನು ಮಹಾದೇವಿಯ ಹೆಗಲ ಮೇಲಿಂದ ಗೋಡೆ ನೋಡುತ್ತ, "ಫಿಕರ್ ಮಾಡಬ್ಯಾಡ್ರಿ ಅಕ್ಕಾರ, ಹಿಂದಿಂದು ನನಗ ಬಿಡ್ರಿ" ಎಂದ. ಆಮೇಲೆ ಅವಳಿಗೆ, "ತಂಗಿ, ಎಲ್ಲಿ ಇಡ್ಲಿ ನಿನ್ನ? ಜಲಪಾತ ಮಸ್ತ್ ಅದ."

"ಎಲ್ಲೂ ಬ್ಯಾಡ್ರಿ ಅಣ್ಣಾರ. ಇಲ್ಲೇ ಇರ್ತೀನಿ."

"ಇಲ್ಲೇನದವ್ವಾ ಇಲ್ಲಿ?" ಎಂದು ನಕ್ಕ. ಬಸುರಿಯರ ಫೋಟೋಕ್ಕೆಂದೇ ಇಟ್ಟಿದ್ದ ಪ್ಲಾಸ್ಟಿಕ್ಕಿನ ಹೂಬಿಲ್ಲೊಂದನ್ನು ಹಿಡಿಯಲು ಕೊಟ್ಟ. ಅವಳು ಅದನ್ನು ಕೆಳಗಿಟ್ಟು, ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಹೊಟ್ಟೆಯ ಕೆಳಗೆ ಇಟ್ಟುಕೊಂಡು ನಿಂತಳು. ಆ ಸಮಯಕ್ಕೆ ನನ್ನ ಅಂಗಡಿಗೆ ಗಿರಾಕಿ ಬಂದು ಕರೆದರು, ನಾನು ಮೇಲೆ ಹೋದೆ. ಪರದೆ ಬದಲಾಯಿಸಿದನೋ ಇಲ್ಲವೋ ನೋಡಲಿಲ್ಲ. ಬದಲಾಯಿಸಿರಲಿಲ್ಲ.

ಸಂಜೆ ಫೋಟೋ ನಮ್ಮ ಕೈಗೆ ಬರುವ ಮೊದಲೇ ಮಾನ್ವಿಯಿಂದ ಅತ್ತೆಯ ಫೋನು ಬಂತು. ಶೇಖಪ್ಪ ಅದನ್ನು 'ನಮ್ಮ ಹೊಸ ಕೆಲಸ' ಎಂದು ತನ್ನ ವಾಟ್ಸಪ್ ಸ್ಟೇಟಸ್ಸಿಗೆ ಹಾಕಿಬಿಟ್ಟಿದ್ದ. ಯಾರೋ ನೆಂಟರು ನೋಡಿ ತೋರಿಸಿದ್ದರು. ಅತ್ತೆ ಬೈಯಲೂ ಇಲ್ಲ, ಅಳುತ್ತಿದ್ದಳು. "ಎಂಥಾ ಕೆಲಸ ಮಾಡಿದ್ರವ್ವಾ, ಎಂಥಾ ಅಪಶಕುನ!" ಏನಾಯಿತೆಂದು ನೋಡಿದರೆ, ಹೂವಿನ ಕಿರೀಟದ ಕೆಳಗೆ ಮಹಾದೇವಿಯ ಮುಖ ನಗುತ್ತಿತ್ತು. ಕೊರಳಿತ್ತು, ಕೈಗಳಿದ್ದವು. ಸೀರೆ ಇರಲಿಲ್ಲ, ಕುಬಸ ಇರಲಿಲ್ಲ. ಜರಿಯ ಅಂಚೊಂದು ಗಾಳಿಯಲ್ಲಿ ಬಳುಕಿ ಇಳಿದಿತ್ತು. ಹೊಟ್ಟೆ ಇರಬೇಕಾದ ಕಡೆ ನೊರೆನೊರೆಯಾಗಿ ಜಲಪಾತ ಧುಮುಕುತ್ತಿತ್ತು. ಕೈಗಳಲ್ಲಿ ಒಂದೂ ಬಳೆ ಇರಲಿಲ್ಲ. ತುಂಬಿದ ಬಸುರಿಯ ಬರಿಗೈ. ಮೂಲೆಯಲ್ಲಿ ಬಂಗಾರದ ಸಹಿ.

ಕೆಳಗೆ ಹೋಗಿ ನಾನು ಏನೇನು ಬೈದೆನೋ ಬೀದಿಗೆಲ್ಲ ಕೇಳಿಸಿತು. ಆ ಪುಣ್ಯಾತ್ಮನಿಗೆ ನಾಚಿಕೆ ಎಂಬುದಿದ್ದರೆ ತಾನೆ? "ಅದು ಕಂಪ್ಯೂಟರ್ ಮಿಸ್ಟೇಕ್ ಅಕ್ಕಾರ. ಮದಲಿಂದು ಡಿಲೀಟ್ ಆಗ್ಯಾದ. ಫಿಕರಿಲ್ಲ, ದೇವದುರ್ಗದ ಒಬ್ಬಾಕಿದು ಹೊಟ್ಟಿ ಅದ ನನ್ನತ್ರ, ಅಳತಿ ಸರಿ ಕೂಡ್ತದ. ಅದನ್ನ ಎತ್ತಿ ಇದಕ್ಕ ಇಡ್ತೀನಿ. ಹೊಟ್ಟಿ ಹೊಟ್ಟಿನ ಅಲ್ಲೇನ್ರಿ?"

ಮನುಷ್ಯನ ಮೇಲೆ ಹೇಸಿಗೆ ಎಂಬುದು ನನಗೆ ಪೂರ್ತಿಯಾಗಿ ಬಂದದ್ದು ಆವತ್ತು. ಇನ್ನೊಂದು ಫೋಟೋ ತೆಗೆಸೋಣವೆಂದು ಮಹಾದೇವಿಗೆ ಹೇಳಿದೆ. ನನ್ನ ಮೊಬೈಲಿನಲ್ಲೇ ತೆಗೆಯುತ್ತೇನೆಂದೆ. ಅವಳು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. "ಬ್ಯಾಡಕ್ಕ. ಮತ್ತ ನಿಂತ್ರ ಮತ್ತೇನು ಮಾಯ ಆಗ್ತದೋ." ಅವಳ ಕೊನೆಯ ಧೈರ್ಯವನ್ನೂ ಆ ಗುಂಡಿ ಅಳಿಸಿಹಾಕಿತ್ತು.

ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಆಡುವುದನ್ನು ನಿಲ್ಲಿಸಿತು. ಫೋಟೋದಿಂದ ಹೀಗಾಯಿತೆಂದು ನಾನು ಹೇಳುವುದಿಲ್ಲ, ಡಾಕ್ಟರು ಬೇರೆ ಕಾರಣ ಹೇಳಿದರು. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು. ಗಂಡಸರು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು, ನೋಡಿದರೆ ತಾಯಿ ತಡೆದುಕೊಳ್ಳಲಾರಳೆಂದು ಅವಳಿಗೆ ತೋರಿಸಲಿಲ್ಲ. ಅತ್ತೆ ಬಂದು ತಲೆ ಸವರಿ, ಮತ್ತೆ ಅದೇ ಮಾತು ಹೇಳಿ ಹೋದಳು: ಬರದೇ ಇದ್ದದ್ದನ್ನು ಎಣಿಸುತ್ತ ಕೂರಬೇಡ. ಮಹಾದೇವಿ ಎಣಿಸಲಿಲ್ಲ, ಅಳಲೂ ಇಲ್ಲ. ಹಗಲಿಡೀ ನನ್ನ ಅಂಗಡಿಯಲ್ಲಿ ವೇಷಗಳ ನಡುವೆ ಕೂತು ಕಳಚಿದ ಮಣಿಗಳನ್ನು ಹೊಲಿಯುತ್ತಿದ್ದಳು.

ಹೀಗೆ ಕೂತಿದ್ದಾಗ ಒಂದು ದಿನ ಶೇಖಪ್ಪ ಮೆಟ್ಟಿಲು ಹತ್ತಿ ಬಂದ. ಅಷ್ಟು ವರ್ಷದಲ್ಲಿ ಮೇಲೆ ಬಂದದ್ದು ಅದೇ ಮೊದಲು. ಕನ್ನಡಕ ಹಣೆಯ ಮೇಲೇ ಇತ್ತು. ಬಾಗಿಲಲ್ಲಿ ನಿಂತು, ಮಹಾದೇವಿಯ ಹಿಂದೆ ತೂಗುಹಾಕಿದ್ದ ವೇಷಗಳನ್ನು ನೋಡುತ್ತ ಹೇಳಿದ. "ಸುದ್ದಿ ಕೇಳ್ದೆ. ಭಾಳ ಕೆಟ್ಟ ಅನಿಸ್ತು. ನನ್ನತ್ರ ಚೊಲೋ ಚೊಲೋ ಕೂಸಿನ ಫೋಟೋ ಅದಾವ ಅಕ್ಕಾರ. ತಂಗಿ ಉಡ್ಯಾಗ ಒಂದು ಎತ್ತಿಟ್ಟು ಕೊಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ನನ್ನ ಕೈಗೆ ಸಿಕ್ಕಿದ್ದು ಭೀಮನ ಗದೆ. ಥರ್ಮಾಕೋಲಿನದಾದದ್ದು ಅವನ ಪುಣ್ಯ. ಬೀಸುವಷ್ಟರಲ್ಲಿ ಮಹಾದೇವಿ ಮಾತಾಡಿದಳು.

"ಅಣ್ಣಾರ, ಆ ನೀರು ತೆಗೀತೀರೇನು?"

"ಯಾವ ನೀರು?"

"ಫೋಟೋದಾಗ ಹಿಂದ ಹಾಕೀರಲ್ಲ, ಅದು."

ಶೇಖಪ್ಪನಿಗೆ ಜೀವ ಬಂತು. "ತೆಗೀತೀನಿ ತಂಗಿ! ತೆಗದು ಏನು ಹಾಕ್ಲಿ? ಹೂದೋಟ? ಗುಡಿ?"

"ಏನೂ ಹಾಕಬ್ಯಾಡ್ರಿ."

"ಏನೂ ಹಾಕ್ಲಿಲ್ಲಂದ್ರ ಬರೇ ಬೆಳ್ಳಗ ಬರ್ತದ."

"ಬರ್ಲಿ."

ಅವನು ನನ್ನ ಕಡೆ, ಅಂದರೆ ನನ್ನ ಹಿಂದಿನ ಕಿಟಕಿಯ ಕಡೆ ನೋಡಿದ. ಇಂಥ ಗಿರಾಕಿ ಅವನಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಕೆಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಪ್ರಿಂಟು ತಂದು ಅವಳ ಕೈಗಿಟ್ಟ. ಬಿಳಿ ಹಾಳೆ. ಅದರಲ್ಲಿ ಹೂಕಿರೀಟದ ಕೆಳಗೆ ನನ್ನ ತಂಗಿಯ ನಗುಮುಖ. ಬಳುಕಿ ಇಳಿದ ಜರಿಯ ಗೆರೆ. ಮೇಲೊಂದು ಕೆಳಗೊಂದು ಬರಿಗೈ, ಬೆರಳುಗಳು ಬಾಗಿ ಏನನ್ನೋ ಹಿಡಿದುಕೊಂಡಿದ್ದವು. ಹಿಡಿದದ್ದು ಕಾಣುತ್ತಿರಲಿಲ್ಲ, ಅದರ ಗುಂಡಗಿನ ಆಕಾರ ಮಾತ್ರ ಆ ಎರಡು ಕೈಗಳ ನಡುವೆ ಬೆಳ್ಳಗೆ ಉಳಿದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮಹಾದೇವಿ ಮೊದಲ ಸಲ ಅತ್ತಳು. ನಾನೂ ಅತ್ತುಬಿಟ್ಟೆ.

ಶೇಖಪ್ಪ ಮಾತ್ರ ಚಡಪಡಿಸುತ್ತ ನಿಂತಿದ್ದ. "ಅಕ್ಕಾರ, ಇದು ಅರ್ಧ ಕೆಲಸ ನೋಡ್ರಿ. ಯಾರಿಗರ ತೋರಿಸಿದ್ರ ನನ್ನ ಹೆಸರು ಹೇಳಬ್ಯಾಡ್ರಿ" ಎಂದು ಮೆಟ್ಟಿಲಿಳಿದು ಹೋದ. ನೋಡಿದೆ, ಮೂಲೆಯಲ್ಲಿ ಬಂಗಾರದ ಸಹಿ ಇರಲಿಲ್ಲ. ಜೀವಮಾನದಲ್ಲಿ ಅವನ ಕೈಯಿಂದ ಬಂದ ನಿಜವಾದ ಫೋಟೋ ಅದೊಂದೇ. ಅದನ್ನೂ ತಪ್ಪಿನಿಂದ ಮಾಡಿದ, ಮಾಡಿ ತನ್ನದಲ್ಲ ಎಂದ.

ಆಮೇಲೆ ಅವನೊಡನೆ ನಾನು ಮಾತಾಡಲಿಲ್ಲ. ಅವನು ಮಾಡುತ್ತಿದ್ದ ಕಣ್ಕಟ್ಟೆಲ್ಲ ಈಗ ಜನರ ಕೈಯ ಮೊಬೈಲೇ ಮಾಡುತ್ತದೆ, ಗಿರಾಕಿ ಯಾಕೆ ಬರುತ್ತಾರೆ? ಸ್ಟುಡಿಯೋ ಮುಚ್ಚಿತು. ಹೈದರಾಬಾದಿಗೆ ಹೋದನೆಂದು ಕೆಲವರು, ದೇವದುರ್ಗದಲ್ಲೇ ಇದ್ದಾನೆಂದು ಕೆಲವರು. ಎಲ್ಲಿದ್ದರೂ ಅಲ್ಲಿದ್ದದ್ದು ಅವನಿಗೆ ಸರಿಬಂದಿರಲಿಕ್ಕಿಲ್ಲ. ಆ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ನನಗೆ ಅವನ ನೆನಪಾಗಿ ಬೇಸರವಾದದ್ದಿಲ್ಲ.

ಮೊನ್ನೆ ಮಾನ್ವಿಗೆ ಹೋಗಿದ್ದೆ. ಮಹಾದೇವಿ ಆ ಫೋಟೋವನ್ನು ಟ್ರಂಕಿನಲ್ಲಿ, ಹಸಿರು ಸೀರೆಯ ಮಡಿಕೆಯೊಳಗೆ ಇಟ್ಟಿದ್ದಾಳೆ. ಸೀರೆಗಳನ್ನು ಬಿಸಿಲಿಗೆ ಹಾಕಲು ತೆಗೆದಾಗ ಅದು ಜಾರಿ ಅತ್ತೆಯ ಕಾಲ ಬಳಿ ಬಿತ್ತು. ಅತ್ತೆ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು.

"ಇದೇನವ್ವಾ, ಅರ್ಧ ಫೋಟೋ? ಹಿಂದ ಮುಂದ ಏನೂ ಇಲ್ಲ."

ಮಹಾದೇವಿ ಹತ್ತಿರ ಬಂದು ಎರಡು ಕೈಗಳ ನಡುವಿನ ಬಿಳುಪಿನ ಮೇಲೆ ಬೆರಳಿಟ್ಟಳು. "ಇಲ್ಲಿದ್ದ ನೋಡ್ರಿ ಅತ್ತಿ, ನಿಮ್ಮ ಮೊಮ್ಮಗ."

ಅತ್ತೆ ಚಾಳೀಸಿನ ಕನ್ನಡಕ ತರಿಸಿಕೊಂಡು ಹಾಕಿಕೊಂಡಳು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು. ಆಮೇಲೆ ತನ್ನ ಒಂದು ಕೈಯನ್ನು ಆ ಖಾಲಿಯ ಮೇಲಿಟ್ಟು ಅಳತೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಇಷ್ಟು ದೊಡ್ಡಂವ ಆಗಿದ್ನೇನ?"